ನಮ್ಮ ಅಕ್ಕಿ ಮಿಲ್ಲಿನ ಬಹುಮಾನಗಳು

ಗಂಗಾವತಿಯ ಅಕ್ಕಿ ಮಿಲ್ಲೊಂದರಲ್ಲಿ ನಾನು ಗುಮಾಸ್ತ. ನಮ್ಮ ಸಾವಕಾರರು ಒಳ್ಳೆಯವರೇ. ಆದರೆ ಆಗಾಗ ಯಾವುದಾದರೂ ತರಬೇತಿಗೆ ಹೋಗಿ ಬರುತ್ತಾರೆ, ಬಂದ ಮರುದಿನವೇ ನಮಗೆಲ್ಲ ಹುರುಪು ತುಂಬಲು ನಿಲ್ಲುತ್ತಾರೆ. ಹೀಗಾಗಿ ನಮ್ಮಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ.

ಹರಳು

ಮೊದಲ ಸಲ, ಅಕ್ಕಿಯಲ್ಲಿ ಹೆಚ್ಚು ಹರಳು ಆರಿಸಿದ ಹೆಂಗಸಿಗೆ ವಾರಕ್ಕೊಂದು ಸ್ಟೀಲ್ ಡಬ್ಬಿ ಎಂದು ಸಾರಿದರು. ಅಲ್ಲಿಯವರೆಗೆ ದಿನಕ್ಕೆ ಒಂದು ಮುಷ್ಟಿ ಹರಳು ಸಿಕ್ಕರೆ ಹೆಚ್ಚು. ಎರಡನೇ ವಾರ ಒಬ್ಬಾಕೆ ಪುಟ್ಟಿ ತುಂಬ ತಂದಿಟ್ಟಳು. ನೋಡಿದರೆ ಎಲ್ಲ ಕೆಂಪು ಹರಳು. ನಮ್ಮ ಕಾಲುವೆ ಕಡೆಯ ಕರಿ ನೆಲದ ಭತ್ತದಲ್ಲಿ ಇವು ಎಲ್ಲಿಂದ ಬಂದವು ಎಂದು ಕೇಳಿದೆ. ಆಕೆ ಒಂದಿಷ್ಟೂ ಅಳುಕಲಿಲ್ಲ.

"ಕುಷ್ಟಗಿಗೆ ತವರಮನಿಗೆ ಹೋಗಿದ್ನಿರಿ. ಮಗಳನ್ನ ಬರಿಗೈಲೆ ಹೆಂಗ ಕಳಸೂದು ಅಂತ ನಮ್ಮವ್ವ ಕಟ್ಟಿ ಕೊಟ್ಟಾಳ."

ಫೋಟೋ

ಎರಡನೇ ಸಲ, ಉತ್ತಮ ಕೆಲಸಗಾರನ ಫೋಟೋ ಗೋಡೆಗೆ. ಮೂವತ್ತು ವರ್ಷದಿಂದ ಮಷಿನ್ ನೋಡಿಕೊಳ್ಳುವ ಕಾಕಾನ ಫೋಟೋಗೆ ಕಟ್ಟು ಹಾಕಿಸಿ, ತೀರಿಹೋದ ದೊಡ್ಡ ಸಾವಕಾರರ ಫೋಟೋ ಪಕ್ಕದಲ್ಲೇ ತೂಗುಹಾಕಿದರು. ದಿನಾ ಪೂಜೆಗೆ ಬರುವ ಅಯ್ಯನವರು ಎರಡಕ್ಕೂ ಹೂಮಾಲೆ ಹಾಕಿ ಊದುಬತ್ತಿ ಹಚ್ಚಿಬಿಟ್ಟರು.

ಅಂದೇ ಯಲಬುರ್ಗಾದ ದಲಾಲರೊಬ್ಬರು ಬಂದು, ಕಾಕಾನ ಫೋಟೋ ಕಂಡು ಚಪ್ಪಲಿ ಬಿಟ್ಟು ಕೈಮುಗಿದರು. ಹೋದ ವಾರ ಛಲೋ ಇದ್ದರಲ್ಲ ಎಂದು ಮರುಗಿದರು.

ಅವರ ಹಿಂದೆ ಚಹಾ ಕುಡಿಯುತ್ತ ನಿಂತಿದ್ದ ಕಾಕಾ ಹೇಳಿದ: "ಈಗೂ ಛಲೋ ಅದೀನ್ರಿ."

ಸಪ್ಪಳ

ಮೂರನೇ ಸಲ, ಕೆಟ್ಟ ಮಷಿನ್ ಬೇಗ ರಿಪೇರಿ ಮಾಡಿದವರಿಗೆ ಬಹುಮಾನ. ಇನ್ನೊಂದು ಪಾಳಿಯವನ ಕೈಯಲ್ಲಿ ಮಷಿನ್ ವಾರಕ್ಕೆ ಮೂರು ಸಲ ಕೆಡುತ್ತಿತ್ತು. ಅವನು ಗೋಡೆ ಗಡಿಯಾರ, ಫ್ಯಾನು, ಮಿಕ್ಸರ್ ಎಲ್ಲ ಮನೆಗೆ ಒಯ್ದ. ಕಾಕಾನ ಪಾಳಿಯಲ್ಲಿ ಅದು ಕೆಡುವುದೇ ಇಲ್ಲ. ಸಪ್ಪಳ ಕೇಳಿಯೇ, ಕೆಡುವ ಮೊದಲೇ ನಟ್ಟು ಬಿಗಿ ಮಾಡುವ ಮನುಷ್ಯ. ಅವನಿಗೆ ಒಂದು ಚಮಚವೂ ಸಿಗಲಿಲ್ಲ.

ಒಂದು ದಿನ ಕಾಕಾ, ಎದುರಿನ ಮಿಲ್ಲಿನವರು ಕರೆದಿದ್ದಾರೆ, ಸೋಮವಾರದಿಂದ ಹೋಗುತ್ತೇನೆ ಎಂದ. ಅಂಗಳದಲ್ಲಿ ಸುಗ್ಗಿಯ ಭತ್ತ ಗುಡ್ಡೆ ಬಿದ್ದಿತ್ತು. ಸಾವಕಾರರು ಬೆವೆತುಹೋದರು. ಪಗಾರ ಹೆಚ್ಚಿಸುತ್ತೇನೆ, ಫ್ರಿಜ್ಜು ಕೊಡಿಸುತ್ತೇನೆ ಎಂದರು. ಕಾಕಾ ಬೇಡವೆಂದು ತಲೆ ಅಲ್ಲಾಡಿಸಿದ.

"ದೊಡ್ಡ ಸಾವಕಾರ್ರು ದಿನಾ ಮುಂಜಾನಿ ಬಂದು ಸಪ್ಪಳ ಕೇಳತಿದ್ರು. ಛಲೋ ಓಡಾಕತ್ತೈತಿ ಕಾಕಾ ಅಂತಿದ್ರು. ನೀವು ಹತ್ತು ವರ್ಷದಾಗ ಒಮ್ಮಿ ಅಂದಿಲ್ರಿ. ಅಷ್ಟ ಅನ್ರಿ, ಇರ್ತೀನಿ. ಆ ನನ್ನ ಫೋಟೋನೂ ಇಳಿಸ್ರಿ."

ಮೂವತ್ತು ವರ್ಷ ಪಕ್ಕದಲ್ಲೇ ಕುಳಿತ ನಾನೂ ಆ ಮಾತು ಆಡಿರಲಿಲ್ಲ.

ಸಾವಕಾರರು ಮಾತು ಕೊಟ್ಟರು, ಕಾಕಾ ಉಳಿದ. ಅಂದಿನಿಂದ ಅವರು ದಿನಾ ಹತ್ತು ಗಂಟೆಗೆ ಬಂದು, ಮಷಿನ್ ಮುಂದೆ ನಿಂತು, ಕಣ್ಣು ಮುಚ್ಚಿ ಕೇಳಿ, ಹೇಳಿ ಹೋಗುತ್ತಾರೆ. ಒಂದು ದಿನವೂ ತಪ್ಪಿಸಿಲ್ಲ. ಮೊನ್ನೆಯೂ ಬಂದರು, ಕಣ್ಣು ಮುಚ್ಚಿದರು, ಬಹಳ ಹೊತ್ತು ಕೇಳಿದರು.

"ಕಾಕಾ, ಇವತ್ತಂತೂ ಭಾಳ ಛಲೋ ಓಡಾಕತ್ತೈತಿ. ಒಂದೀಟೂ ಸಪ್ಪಳಿಲ್ಲ ನೋಡು."

ಕಾಕಾ ಹೆಗಲ ಮೇಲಿನ ಟವೆಲ್ ತೆಗೆದು ನಮ್ರವಾಗಿ ಹೇಳಿದ: "ಹೌದ್ರಿ ಸಾವಕಾರ್ರ. ಕರೆಂಟ್ ಬಂದ ಮ್ಯಾಲೆ ಇನ್ನೊಮ್ಮಿ ಬರ್ರಿ."