ಥೈರಾಯ್ಡ್ ಇಲ್ಲದ ಮೇಡಂ

ನಾನು ಮಾನ್ವಿ ಕಡಿ ಒಂದು ಹಳ್ಳಿ ಸಾಲಿ ಟೀಚರ್. ಕ್ಯಾನ್ಸರ್ ಗಂಟು ಅಂತ ಗಂಟಲದಾಗಿನ ಥೈರಾಯ್ಡ್ ಪೂರಾ ತಗದು ಎರಡು ವರ್ಷ ಆತು. ಅದು ಮಾಡೋ ಕೆಲಸ ಈಗ ದಿನಾ ಮುಂಜಾನಿ ನುಂಗೋ ಒಂದು ಗುಳಿಗಿ ಮಾಡ್ತದ, ಸಾಯೋತನಕ. ಗುಳಿಗಿ ನುಂಗೂದು ಸಲೀಸು. ಮಂದಿ ಮಾತು ನುಂಗೂದೇ ತ್ರಾಸು, ಅದು ವಾರಕ್ಕೊಂದರ ಇದ್ದೇ ಇರ್ತದ.

ಛಲೋ ಕ್ಯಾನ್ಸರ್

ಆಪರೇಷನ್ ಆಗಿ ಸಾಲಿಗೆ ಹೋದ ಮೊದಲ ದಿನ. ಕೊಳ್ಳಿನ ಗಾಯ ಕಾಣಬಾರದಂತ ಸೆರಗು ಸುತ್ತಿಕೊಂಡಿದ್ದೆ. ದನಿ ಇನ್ನಾ ಬಿದ್ದಿತ್ತು. ಹೆಡ್‌ಮಾಸ್ತರು ಎದ್ದು ಬಂದು, "ಚಿಂತಿ ಮಾಡಬ್ಯಾಡ್ರಿ ಮೇಡಂ. ಮೊಬೈಲಿನಾಗ ಎಲ್ಲಾ ನೋಡೀನಿ. ಕ್ಯಾನ್ಸರಿನಾಗ ನಿಮ್ದೇ ಛಲೋದಂತ. ಪುಣ್ಯಾ ಮಾಡೀರಿ" ಅಂದ್ರು.

"ಅಷ್ಟು ಛಲೋ ಇದ್ರ ನೀವೇ ಇಟ್ಕೋರಿ ಸರ್" ಅಂದೆ.

ದನಿ ಬಿದ್ದದ್ದಕ್ಕ ಅವ್ರಿಗೆ ಕೇಳಿಸಲಿಲ್ಲ. "ಅದಕ್ಕ್ಯಾಕ ಥ್ಯಾಂಕ್ಸು, ಬಿಡ್ರಿ" ಅಂತ ಹೋದ್ರು.

ತೆಳ್ಳಗಾಗೋ ಗುಳಿಗಿ

ನಾದಿನೀನ ದೇವದುರ್ಗಕ್ಕ ಕೊಟ್ಟೀವಿ. ಆಕಿ ನನ್ನ ನೋಡಾಕ ಬಂದು, ನೋಡಿದ್ದು ಮಾತ್ರ ಗುಳಿಗಿ ಡಬ್ಬಿ.

"ವೈನಿ, ಇದನ್ನ ನುಂಗಿದ್ರ ತೆಳ್ಳಗಾಗ್ತಾರಂತಲ್ಲ. ನನಗೂ ಒಂದು ಡಬ್ಬಿ ಕೊಡ್ರಿ."

"ಕೊಡ್ತೀನವ್ವಾ. ಮದ್ಲ ಗಂಟಲ ಕೊಯಿಸ್ಕೊಂಡು ಬಾ."

ಸಿಟ್ಟಾಗಿ ಹೋದ್ಲು. ಈಗ ದೇವದುರ್ಗದಾಗ ನನಗೊಂದು ಹೆಸರದ: ಒಬ್ಬಾಕಿನೇ ತೆಳ್ಳಗಾಗಬೇಕನ್ನೋ ಹೊಟ್ಟಿಕಿಚ್ಚಿನ ವೈನಿ.

ಎಲೆಕ್ಷನ್ ಡ್ಯೂಟಿ

ಕ್ಯಾನ್ಸರ್ ಎಲ್ಲ್ಯರ ಉಳದದೇನು ಅಂತ ಸ್ಕ್ಯಾನ್ ಮಾಡಾಕ ಡಾಕ್ಟರು ನಾಕು ವಾರ ಗುಳಿಗಿ ಬಿಡಿಸಿದ್ರು. ಎರಡನೇ ವಾರಕ್ಕ ಮಾರಿ ಬಾತು, ಕಾಲು ಭಾರಾದವು, ಹುಡುಗ್ರ ಹೆಸರು ನೆನಪಾಗದಂಗಾದವು. ನೆತ್ತಿ ಸುಡೋ ಮೇ ತಿಂಗಳದಾಗ ನನಗ ಚಳಿ. ಮಗಳು ಒಂದಿನ, "ಅವ್ವಾ, ನೀ ಸಾಯ್ತೀಯೇನು?" ಅಂತ ಕೇಳಿದ್ಲು. ಇನ್ನೊಂದು ಚಾದರ ತಂದು ಹೊಚ್ಚು ಅಂದೆ.

ಅಷ್ಟರಾಗ ಎಲೆಕ್ಷನ್ ಡ್ಯೂಟಿ ಆರ್ಡರ್ ಬಂತು. ರದ್ದು ಮಾಡಿಸಾಕ ಸ್ವೆಟರ್ ಹಾಕ್ಕೊಂಡು ರಾಯಚೂರಿಗೆ ಹೋದೆ. ಬಸ್ಸಿನಾಗ ನನ್ನ ಬಾಜೂಕ ಯಾರೂ ಕೂಡಲಿಲ್ಲ.

ಎಲೆಕ್ಷನ್ ಆಫೀಸಿನ ಕ್ಲರ್ಕ್ ಡಾಕ್ಟರ್ ಚೀಟಿ ಎರಡು ಸಲ ಓದಿದ.

"ಮೇಡಂ, ಥೈರಾಯ್ಡ್ ಪೂರಾ ತಗದಾರ ಅಂತ ಬರದಾರ. ಥೈರಾಯ್ಡೇ ಇಲ್ಲಂದ ಮ್ಯಾಲ ಥೈರಾಯ್ಡಿನ ತ್ರಾಸು ಎಲ್ಲಿಂದ ಬಂತ್ರಿ? ಡ್ಯೂಟಿ ರದ್ದಾಗಂಗಿಲ್ಲ."

ರದ್ದಾಗಲೂ ಇಲ್ಲ. ಆ ಎಲೆಕ್ಷನ್ನಿನಾಗ ಗೋಡಿಗೆ ಆನಿಕೊಂಡು ಕೂತೇ ಮಂದಿ ಬೆರಳಿಗೆ ಶಾಯಿ ಹಚ್ಚಿದೆ. ಆದ್ರ ಅವತ್ತು ಆಫೀಸಿನಾಗ ಆತನ ಮುಂದ ಸಿಟ್ಟು ತಡೀಲಿಲ್ಲ.

"ಅಂದ್ರ, ತಲಿ ಇಲ್ಲದವ್ರಿಗೆ ತಲಿನೋವು ಬರಂಗಿಲ್ಲ ಅಂತೀರೇನ್ರಿ?"

ಆತ ಪೆನ್ನು ಕೆಳಗಿಟ್ಟು ಖರೇನ ವಿಚಾರ ಮಾಡಿದ.

"ಹೌದ್ ನೋಡ್ರಿ ಮೇಡಂ. ನನಗ ಇಲ್ಲೀತನಕ ಒಮ್ಮಿನೂ ಬಂದಿಲ್ಲ."