ತೊಳೆದ ಕೈ, ಮೂಗಿನ ತುದಿ

ಕೈ ತೊಳೆದು ಮುಗಿದ ಕ್ಷಣಕ್ಕೇ ದೊಡ್ಡಮ್ಮನ ಮೂಗಿನ ತುದಿಯಲ್ಲಿ ತುರಿಕೆ ಶುರುವಾಯಿತು. ಅದುವರೆಗೆ ಎಲ್ಲಿತ್ತೋ, ನಲ್ಲಿ ನಿಲ್ಲುವುದನ್ನೇ ಕಾಯುತ್ತಿದ್ದ ಹಾಗೆ ಬಂದು ಮಾಸ್ಕಿನೊಳಗೆ ಚಕ್ಕಳಮಕ್ಕಳ ಹಾಕಿ ಕುಳಿತುಬಿಟ್ಟಿತು.

ಸಮುದಾಯ ಕಾಲೇಜಿನ ಶಸ್ತ್ರಚಿಕಿತ್ಸಾ ತಂತ್ರಜ್ಞಾನದ ತರಗತಿಯಲ್ಲಿ ಎಲ್ಲರಿಗಿಂತ ಹಿರಿಯಳು ಅವಳೇ. ಅದಕ್ಕೇ ದೊಡ್ಡಮ್ಮ ಎಂಬ ಹೆಸರು. ಪಾಠ ಹೇಳುವ ಮೇಡಂ ಕೂಡ ಹಾಗೇ ಕರೆಯುತ್ತಿದ್ದರು. ಬೆಳಗಿನ ಜಾವ ಬೇಕರಿಯ ಒಲೆಯ ಮುಂದೆ ನಿಂತು, ಮಧ್ಯಾಹ್ನ ಕಾಲೇಜಿಗೆ ಬರುವವಳು. ವೈದ್ಯರ ಕೈಗೆ ಕತ್ತರಿ ಚಿಮುಟ ಕೊಡುತ್ತ, ತೆರೆದಿಟ್ಟ ಜೀವದ ಪಕ್ಕದಲ್ಲಿ ನಿಲ್ಲುವ ಕೆಲಸ ತನ್ನಂಥವಳಿಗೂ ಸಿಗಬಹುದೆಂದು ನೆನೆದರೆ ಅವಳಿಗೆ ಈಗಲೂ ಮೈ ಜುಂ ಎನ್ನುತ್ತಿತ್ತು. ಇವತ್ತು ಪಾಸಾದರೆ ಆಸ್ಪತ್ರೆ, ಇಲ್ಲದಿದ್ದರೆ ಉಳಿದ ಆಯುಸ್ಸೆಲ್ಲ ಅದೇ ಒಲೆ. ಹೋದ ಸಲ ಜಾರಿದ ಕನ್ನಡಕವನ್ನು ಮೇಲೆ ತಳ್ಳಿ ಫೇಲಾಗಿದ್ದಳು. ಇನ್ನೊಂದು ಅವಕಾಶ ಇರಲಿಲ್ಲ.

ತೊಳೆದ ಕೈಗಳನ್ನು ಎದೆಯ ಮುಂದೆ ಎತ್ತಿ ಹಿಡಿಯಬೇಕು. ಪರೀಕ್ಷೆಯ ಕೋಣೆಯೊಳಗೆ ಹೋಗಿ ಗೌನು, ಗ್ಲೌಸು ತೊಡುವ ತನಕ ಯಾವುದಕ್ಕೂ ತಾಗಿಸಬಾರದು. ತಾಗಿಸಿದರೆ ಪರೀಕ್ಷೆ ಅಲ್ಲಿಗೆ ಮುಗಿಯಿತು.

"ಒಳಗೆ ದೀಪ ಕೆಟ್ಟಿದೆ, ಬಲ್ಬು ಹಾಕ್ತಿದಾರೆ. ಅಲ್ಲೇ ನಿಂತಿರಿ ದೊಡ್ಡಮ್ಮ," ಎಂದು ಮೇಡಂ ಬಾಗಿಲು ಮುಚ್ಚಿಕೊಂಡರು.

ದೊಡ್ಡಮ್ಮ ಪಡಸಾಲೆಯಲ್ಲಿ, ಕಳ್ಳರ ಕೈಗೆ ಸಿಕ್ಕ ಅಂಗಡಿಯವನಂತೆ, ಎರಡೂ ಕೈ ಎತ್ತಿಕೊಂಡು ನಿಂತಳು. ಮೂಗನ್ನು ಮೇಲೆಳೆದಳು, ಕೆಳಗೆಳೆದಳು, ಬಾಯಿ ಸೊಟ್ಟ ಮಾಡಿದಳು. ತುರಿಕೆ ಇನ್ನಷ್ಟು ಆರಾಮವಾಗಿ ಕಾಲು ಚಾಚಿತು.

ಅಷ್ಟರಲ್ಲಿ ನಾದಿನಿ ಬಂದಳು. ಗಂಡನ ಈ ತಂಗಿ ಅದೇ ಕಾಲೇಜಿನಲ್ಲಿ ಸಮಾಜ ವಿಜ್ಞಾನ ಓದುತ್ತಿದ್ದಳು. ಅವಳು ಕಾಲೇಜು ಸೇರಿದ ಮೇಲೆ ಮನೆಯಲ್ಲಿ ಯಾರೂ ನೆಮ್ಮದಿಯಾಗಿ ಜಗಳ ಆಡುವ ಹಾಗಿರಲಿಲ್ಲ. ಬಾಗಿಲ ಸಂದಿಯಲ್ಲಿ ನಿಂತು ತಲೆದೂಗುತ್ತಿದ್ದಳು.

"ಯಾಕೆ ಅತ್ತಿಗೆ, ಕಣ್ಣು ಹಾಗೆ ತಿರುಗಿಸ್ತಿದೀರಾ?"

"ಮೂಗು ಕಣೇ. ತುರಿಕೆ. ಪ್ರಾಣ ಹೋಗ್ತಿದೆ."

ನಾದಿನಿಯ ಮುಖ ಅರಳಿತು. "ಎಂಥ ಅದೃಷ್ಟ ನಂದು. ಕಷ್ಟದಲ್ಲಿರೋ ಮನುಷ್ಯರನ್ನ ಗಮನಿಸ್ಕೊಂಡು ಬನ್ನಿ ಅಂತ ಕ್ಲಾಸಲ್ಲಿ ಹೇಳಿದಾರೆ. ಹೀಗೇ ಇರಿ."

"ಏನಾದ್ರೂ ಮಾಡೇ. ಒಂಚೂರು ಊದು."

"ಅದೊಂದು ಆಗಲ್ಲ. ಗಮನಿಸೋರು ಮಧ್ಯೆ ಬರೋ ಹಾಗಿಲ್ಲ."

"ಹಾಗಾದ್ರೆ ನಾನು ಇಲ್ಲೇ ಬಿದ್ದು ಸತ್ರೂ ನೋಡ್ತಾ ನಿಂತಿರ್ತೀಯಾ?"

"ತುಂಬಾ ಹತ್ತಿರದಿಂದ, ಅತ್ತಿಗೆ."

ಆಗ ರಂಗಭೂಮಿ ತರಗತಿಯವರು ತಾಲೀಮಿಗೆಂದು ಹಿಂಡಾಗಿ ಅತ್ತ ಬಂದರು. ದೊಡ್ಡಮ್ಮನ ಮಗಳೂ ಅವರಲ್ಲಿದ್ದಳು. ಮುಂದೆ ಬರುತ್ತಿದ್ದ ನಾಟಕದ ಮೇಷ್ಟ್ರು ದೊಡ್ಡಮ್ಮನನ್ನು ಕಂಡವರೇ ಕಂಬ ತಾಗಿದವರಂತೆ ನಿಂತುಬಿಟ್ಟರು.

"ನೋಡ್ರಪ್ಪಾ," ಎಂದು ಪಿಸುಗುಟ್ಟಿದರು. "ಕಣ್ಣಲ್ಲಿ ಬಿರುಗಾಳಿ, ಕೈಯಲ್ಲಿ ಒಂದು ಎಲೆ ಅಲ್ಲಾಡ್ತಿಲ್ಲ. ವರ್ಷವೆಲ್ಲ ನಾನು ಬಾಯಿ ಬಡ್ಕೊಂಡಿದ್ದು ಇದಕ್ಕೇ."

ವಿದ್ಯಾರ್ಥಿಗಳು ದೊಡ್ಡಮ್ಮನ ಕಾಲಬುಡದಲ್ಲೇ ನೆಲದ ಮೇಲೆ ಕುಳಿತರು. ಒಬ್ಬಳಂತೂ ಕಣ್ಣೊರೆಸಿಕೊಂಡಳು.

"ಸರ್, ಅದು ನಮ್ಮಮ್ಮ," ಎಂದಳು ಮಗಳು.

"ಅಮ್ಮನೋ? ಯಾವ ನಾಟಕದ್ದು?"

"ನಾಟಕ ಅಲ್ಲ ಸರ್. ಅವಳಿಗೆ ಮೂಗು ತುರಿಸ್ತಿದೆ ಅನ್ಸುತ್ತೆ." ಮಗಳು ಎದ್ದು ಹತ್ತಿರ ಬಂದಳು. "ಅಮ್ಮ, ಕಣ್ಣು ಮುಚ್ಚು. ಆ ಮೂಗು ನಿಂದಲ್ಲ ಅಂದ್ಕೋ. ಎಲ್ಲೋ ದೂರದಲ್ಲಿ ಬೇರೆ ಯಾರೋ ಇದಾರೆ, ಅವರ ಮೂಗು ತುರಿಸ್ತಿದೆ."

"ಯಾರದು?"

"ನಿಂಗೆ ಆಗದೇ ಇರೋರದ್ದು."

ದೊಡ್ಡಮ್ಮ ಕಣ್ಣು ಮುಚ್ಚಿ ಬೇಕರಿಯ ಯಜಮಾನನನ್ನು ನೆನೆದಳು. "ನಾವೂ ಈ ತುರಿಕೇನ ಹಂಚ್ಕೊಳ್ಳೋಣ, ಎಲ್ಲಾರೂ ಕಣ್ಣು ಮುಚ್ಚಿ," ಎಂದರು ಮೇಷ್ಟ್ರು. ಇಡೀ ತರಗತಿ ಕಣ್ಣು ಮುಚ್ಚಿತು. ಆ ದಾರಿಯಲ್ಲಿ ಬಂದ ಜಾಡಮಾಲಿಯೂ ಪೊರಕೆಗೆ ಒರಗಿ ಕಣ್ಣು ಮುಚ್ಚಿದ. ಪಡಸಾಲೆ ಉಸಿರು ಬಿಗಿಹಿಡಿಯಿತು.

ತುರಿಕೆ ಬಿಸಿ ಬ್ರೆಡ್ಡಿನ ಮೇಲಿನ ಬೆಣ್ಣೆಯಂತೆ ಕರಗಿಹೋಯಿತು.

"ಹೋಯ್ತು ಕಣೇ," ಎಂದಳು ದೊಡ್ಡಮ್ಮ, ಕಣ್ಣು ತೆರೆದು. ಮುಖಕ್ಕೆ ಬಣ್ಣ ಬಳಿದುಕೊಳ್ಳೋದಕ್ಕೂ ಒಂದು ಕೋರ್ಸು ಬೇಕಾ ಎಂದು ಈ ಮಗಳನ್ನು ಎಷ್ಟು ಸಲ ಹಂಗಿಸಿಲ್ಲ. ಈಗ ಅದೇ ಹುಡುಗಿ ಎದುರಿಗೆ ನಿಂತಿದ್ದರೆ, ತಾನು ಹೆತ್ತದ್ದು ಇವಳನ್ನೇನಾ ಎನ್ನಿಸಿತು.

ಬಾಗಿಲು ತೆರೆಯಿತು. ಒಳಗೆ ದೊಡ್ಡ ದೀಪ ಹಗಲನ್ನೇ ಹಿಂಡಿ ಸುರಿದಂತೆ ಉರಿಯುತ್ತಿತ್ತು. ಮೇಜಿನ ಮೇಲೆ ರಬ್ಬರಿನ ರೋಗಿ, ಪಕ್ಕದಲ್ಲಿ ಮಿರಿಮಿರಿ ಮಿಂಚುವ ಉಪಕರಣಗಳು. ದೊಡ್ಡಮ್ಮ ಗೌನು ತೊಟ್ಟಳು, ಗ್ಲೌಸು ಏರಿಸಿದಳು. ವೈದ್ಯರ ಜಾಗದಲ್ಲಿ ಮೇಡಂ ನಿಂತಿದ್ದರು. ಅವರು ಬಾಯಿ ತೆರೆಯುವ ಮೊದಲೇ ಕತ್ತರಿ ಅವರ ಅಂಗೈಯಲ್ಲಿರುತ್ತಿತ್ತು. ಆಚೆಯಿಂದ ರಂಗಭೂಮಿಯವರು ಕಿಟಕಿಯ ಗಾಜಿಗೆ ಮೂಗು ಒತ್ತಿಕೊಂಡು ನೋಡುತ್ತಿದ್ದರು. ರಬ್ಬರಿನ ಹೊಟ್ಟೆಗೆ ಕೊನೆಯ ಹೊಲಿಗೆ ಬಿದ್ದಾಗ ಮೇಡಂ ಚಿಮುಟ ಕೆಳಗಿಟ್ಟು ದೊಡ್ಡಮ್ಮನತ್ತ ತಿರುಗಿದರು.

"ಎಷ್ಟೋ ಜನಕ್ಕೆ ಕಲಿಸಿದೀನಿ ದೊಡ್ಡಮ್ಮ. ಇಂಥ ಕೈ ನೋಡಿರ್ಲಿಲ್ಲ."

ಅಲ್ಲಿಗೇ ಬಾಯಿ ಮುಚ್ಚಿಕೊಂಡು ಮನೆಗೆ ಹೋಗಿದ್ದರೆ ಆಗುತ್ತಿತ್ತು. ಆದರೆ ಹೆತ್ತ ಕರುಳು ಕೇಳಬೇಕಲ್ಲ. "ಇದು ನನ್ನ ಮಗಳ ವಿದ್ಯೆ ಮೇಡಂ," ಎಂದು ಬಾಗಿಲ ಹೊರಗಿದ್ದವರನ್ನೆಲ್ಲ ಕರೆದು, ತುರಿಕೆಯ ಕತೆಯನ್ನು ಒಂದಕ್ಕೆರಡು ಸೇರಿಸಿ ಹೇಳಿದಳು.

ಮೇಡಂ ಬೆರಗಾದರು. "ಅಷ್ಟೊಂದು ತುರಿಕೆ ಇದ್ರೂ ಕೈ ತಾಗಿಸ್ಲೇ ಇಲ್ವಾ?"

"ಬೇಕಾದ್ರೆ ಇವರನ್ನ ಕೇಳಿ."

"ನಾವು ಕಣ್ಣು ಮುಚ್ಕೊಂಡಿದ್ವಿ ಮೇಡಂ," ಎಂದಿತು ತರಗತಿ.

"ಹಾಗಾದ್ರೆ ಯಾರೂ ನೋಡಿಲ್ಲ?"

"ನಾನು ನೋಡಿದೆ," ಎಂದು ನಾದಿನಿ ಮುಂದೆ ಬಂದಳು. ಅವಳ ಕಣ್ಣು ಹೊಳೆಯುತ್ತಿತ್ತು. "ಅದೇನು ಅದ್ಭುತ ಅಂತೀರಾ ಮೇಡಂ. ಕಣ್ಣು ಮುಚ್ಚಿದ ಸ್ವಲ್ಪ ಹೊತ್ತಿಗೆ ಅತ್ತಿಗೆಯ ಎಡಗೈ ತಾನಾಗೇ ಮೇಲೆ ಹೋಯ್ತು. ಮಾಸ್ಕಿನ ಮೇಲಿಂದಲೇ ಮೂಗನ್ನ ಚೆನ್ನಾಗಿ ತುರಿಸ್ತು. ಆಮೇಲೆ ಏನೂ ಆಗಿಲ್ಲ ಅನ್ನೋ ಹಾಗೆ ವಾಪಸ್ಸು ಬಂದು ನಿಂತ್ಕೊಂಡ್ತು. ಅವರಿಗೇ ಗೊತ್ತಿಲ್ಲ. ಮನುಷ್ಯ ಅಂದ್ರೆ ಎಷ್ಟು ಆಳ ಅಲ್ವಾ?"

ಮೇಷ್ಟ್ರು ಮೆಲ್ಲಗೆ ಕೈಮುಗಿದರು. ಮೇಡಂ ನಿಟ್ಟುಸಿರುಬಿಟ್ಟು, ಕೈಚಾಚಿ ದೊಡ್ಡ ದೀಪವನ್ನು ಆರಿಸಿದರು.

ದೊಡ್ಡಮ್ಮ ತನ್ನ ಎಡಗೈಯನ್ನು ಬೇರೆಯವರ ಮನೆಯ ಮಗುವನ್ನು ನೋಡುವ ಹಾಗೆ ನೋಡಿದಳು.

"ತುಂಬಾ ಹೊತ್ತು ತುರಿಸ್ಕೊಂಡ್ನೇನೇ?"

"ಮನಸಾರೆ, ಅತ್ತಿಗೆ. ಮುಖ ಹೂವಾಗಿತ್ತು."

"ಪರೀಕ್ಷೆ ಅಂತೂ ಹೋಯ್ತು," ಎಂದಳು ದೊಡ್ಡಮ್ಮ. "ಆ ಸುಖಾನಾದ್ರೂ ನಂಗೆ ಗೊತ್ತಾಗ್ಬಾರ್ದಿತ್ತಾ?"