ಕಪಿಲಾ ಸಫಾರಿಯ ಮಾಲೀಕರಿಗೆ ಪಾಪಮ್ಮನ ಗಂಡನ ದೂರು

ನಂಜನಗೂಡು
೯ ಸೆಪ್ಟೆಂಬರ್ ೨೦೦೭, ಭಾನುವಾರ

ಮೈಸೂರು ರಸ್ತೆಯ ‘ಕಪಿಲಾ ಸಫಾರಿ: ಶುದ್ಧ ಸಸ್ಯಾಹಾರಿ ಆಫ್ರಿಕನ್ ಫ್ಯೂಷನ್ ರೆಸ್ಟೋರೆಂಟ್’ನ ಸಂಸ್ಥಾಪಕರೂ ಮಾಲೀಕರೂ ಆದ ಶ್ರೀ ನಂಜುಂಡೇಶ್ ಅವರ ಸನ್ನಿಧಿಗೆ,

ಮಾನ್ಯರೇ,

ತಾವೂ, ತಮ್ಮ ಹನ್ನೆರಡು ಮೇಜುಗಳೂ, ಬಾಗಿಲಲ್ಲಿ ಕತ್ತೆತ್ತಿ ನಿಂತಿರುವ ಪ್ಲಾಸ್ಟರಿನ ಜಿರಾಫೆಯೂ ಸುಖವಾಗಿರುವಿರೆಂದು ನಂಬಿ, ಊರಿನವರೆಲ್ಲ ಓದಲಿ ಎಂಬ ಸದುದ್ದೇಶದಿಂದ ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ.

ನಾನು ಮಂಟೇಸ್ವಾಮಿ. ಇಲ್ಲಿನ ಬಸ್ ನಿಲ್ದಾಣದಲ್ಲಿ ಮೂವತ್ತೊಂದು ವರ್ಷ ಕಂಟ್ರೋಲರ್ ಆಗಿದ್ದು, ಎರಡು ವರ್ಷದ ಹಿಂದೆ ನಿವೃತ್ತನಾದವನು. ಅಷ್ಟೂ ಕಾಲ ದೂರಿನ ಪುಸ್ತಕ ದಾರ ಕಟ್ಟಿಸಿಕೊಂಡು ನನ್ನ ಮೇಜಿನ ಮೇಲೆಯೇ ಕೂತಿತ್ತು. ಬೇರೆಯವರ ದೂರುಗಳನ್ನು ಓದಿ ಓದಿ ದೂರು ಬರೆಯುವ ಶೈಲಿ ನನಗೆ ಚೆನ್ನಾಗಿ ಒಲಿದಿದೆ. ಬರೆಯುವ ಸಂದರ್ಭ ಮಾತ್ರ ಒದಗಿರಲಿಲ್ಲ. ಅದನ್ನು ಒದಗಿಸಿಕೊಟ್ಟ ತಮಗೆ ಮೊದಲು ವಂದನೆಗಳು. ನನ್ನ ದೂರು ಸರಳವಾದದ್ದು. ಹೆಂಡತಿಯೊಡನೆ ಊಟಕ್ಕೆ ಬಂದ ಗಿರಾಕಿಯನ್ನು ತಾವು ಒಬ್ಬನನ್ನೇ ಮನೆಗೆ ಕಳಿಸಿದಿರಿ.

ನನ್ನ ಹೆಂಡತಿ ಪಾಪಮ್ಮ ಟಿ. ನರಸೀಪುರದ ಸರ್ಕಾರಿ ವಿದ್ಯಾರ್ಥಿನಿಲಯದಲ್ಲಿ ಇಪ್ಪತ್ತೊಂಬತ್ತು ವರ್ಷ ಅಡುಗೆ ಮಾಡಿದವಳು. ಬೆಳಿಗ್ಗೆ ಆರು ಹತ್ತರ ಬಸ್ಸಿಗೆ ಅವಳನ್ನು ಹತ್ತಿಸಿ ಸೀಟಿ ಊದುತ್ತಿದ್ದವನು ನಾನೇ. ದಿನಕ್ಕೆ ನೂರು ಮಕ್ಕಳಿಗೆ ಎರಡು ಹೊತ್ತು ಬಡಿಸಿದ ಆ ಕೈಗೆ ಒಂದು ದಿನವೂ ಇನ್ನೊಬ್ಬರು ಬಡಿಸಿದ್ದನ್ನು ನಾನು ಕಂಡಿಲ್ಲ. ಮದುವೆ ಮನೆಗೆ ಹೋದರೂ ಅವಳು ಸೌಟು ಹುಡುಕಿಕೊಂಡು ಒಳಗೆ ಹೋಗಿಬಿಡುತ್ತಾಳೆ. ಈ ಮೇ ತಿಂಗಳ ಕೊನೆಗೆ ಅವಳು ನಿವೃತ್ತಳಾದಾಗ, ಒಂದು ಸಲವಾದರೂ ಕುರ್ಚಿಯಲ್ಲಿ ಕೂತು ಬಡಿಸಿಕೊಂಡು ತಿನ್ನಲಿ ಎಂದು ಜೂನ್ ಮೊದಲ ಭಾನುವಾರ ತಮ್ಮಲ್ಲಿಗೆ ಕರೆತಂದೆ. ಇಸ್ತ್ರಿ ಮಾಡಿದ ಸೀರೆ ಉಟ್ಟು ಬಂದಿದ್ದಳು. ಇದನ್ನು ಗಮನಿಸಬೇಕಾಗಿ ವಿನಂತಿ.

ಬಾಗಿಲಲ್ಲಿ ತಮ್ಮ ಸರ್ವರ್ ಗೋವಿಂದಯ್ಯನವರು ನಮ್ಮನ್ನು ಎದುರುಗೊಂಡರು. ಇಪ್ಪತ್ತು ವರ್ಷ ರಥಬೀದಿಯ ಹೋಟೆಲಿನಲ್ಲಿ ಇಡ್ಲಿ ಸರಬರಾಜು ಮಾಡಿದ, ಬಿಳಿ ಮೀಸೆಯ ಆ ಹಿರಿಯರಿಗೆ ತಾವು ಚಿರತೆ ಚುಕ್ಕೆಯ ವೇಸ್ಟ್‌ಕೋಟು ತೊಡಿಸಿದ್ದಿರಿ. ಅವರು ಎದೆಗೆ ಕೈ ಹಚ್ಚಿ, ತಾವು ಕಲಿಸಿಕೊಟ್ಟಂತೆ, “ಕರಿಬು” ಎಂದರು. ಅದು ಆಫ್ರಿಕಾದ ಸ್ವಾಹಿಲಿ ಭಾಷೆಯಲ್ಲಿ ಸುಸ್ವಾಗತವಂತೆ. ಪಾಪಮ್ಮನಿಗೆ ಕರಿಬೇವು ಎಂದು ಕೇಳಿಸಿತು.

“ನಮ್ಮನೇಲೆ ಗಿಡ ಅದೆ ಕಣಪ್ಪ. ಬೇಕಾರೆ ನಾಳೆ ತಂದ್ಕೊಡ್ತೀನಿ” ಎಂದಳು.

ಮೆನು ಕಾರ್ಡಿನಲ್ಲಿ ಉಗಾಲಿ ಎಂಬುದೊಂದಿತ್ತು. ಏನೆಂದು ಕೇಳಿದ್ದಕ್ಕೆ ಗೋವಿಂದಯ್ಯನವರು ಸುತ್ತ ನೋಡಿ ಬಗ್ಗಿ, “ಇಟ್ಟು ಕಣ್ಸಾ. ಮುಸುಕಿನ ಜೋಳದ್ದು. ಆದ್ರೆ ಮುದ್ದೆ, ಇಟ್ಟು ಅಂತ ಅನ್ನಂಗಿಲ್ಲ, ಓನರ್ ಬಯ್ತರೆ” ಎಂದು ಪಿಸುಗುಟ್ಟಿದರು. ನಮ್ಮ ಸೀಮೆಯಲ್ಲಿ ಮುದ್ದೆಗೆ ಹಿಟ್ಟು ಎನ್ನುತ್ತಾರೆ, ಬಾಯಿಗೆ ಬರುವಾಗ ಅದು ಇಟ್ಟಾಗುತ್ತದೆ ಎಂಬುದು ತಮಗೂ ಗೊತ್ತು. ಹನ್ನೊಂದು ವರ್ಷ ಪರದೇಶದಲ್ಲಿದ್ದವರು ಮರೆತಿರಬಹುದೆಂದು ನೆನಪಿಸುತ್ತಿದ್ದೇನೆ.

ಮಧ್ಯಾಹ್ನ ಒಂದು ಹತ್ತಕ್ಕೆ ಆರ್ಡರ್ ಕೊಟ್ಟೆವು. ಎರಡು ಇಪ್ಪತ್ತೆರಡಕ್ಕೆ ಉಗಾಲಿ ಬಂತು. ಒಂದು ಗಂಟೆ ಹನ್ನೆರಡು ನಿಮಿಷದಲ್ಲಿ ನನ್ನ ಬಸ್ಸುಗಳು ಹುಲ್ಲಹಳ್ಳಿಗೆ ಹೋಗಿ ಜನ ಇಳಿಸಿ, ಡ್ರೈವರ್ ಚಹಾ ಕುಡಿದು, ವಾಪಸ್ಸೇ ಬಂದುಬಿಡುತ್ತಿದ್ದವು. ಬಂದ ಉಗಾಲಿಯ ನೆತ್ತಿಯ ಮೇಲೆ ಕೊತ್ತಂಬರಿಯ ಒಂದು ಎಲೆ, ಪಕ್ಕದಲ್ಲಿ ಚಾಕು. ಪಾಪಮ್ಮ ಚಾಕುವನ್ನು ಮರ್ಯಾದೆಯಿಂದ ಅತ್ತ ಸರಿಸಿ ಬೆರಳಿನಿಂದ ಮುರಿದಳು. ಒಳಗೆ ಗೋಲಿಯಷ್ಟು ದಪ್ಪದ ಗಂಟುಗಳು, ಗಂಟಿನೊಳಗೆ ಹಸಿ ಹಿಟ್ಟು. ಅವಳು ನನ್ನ ಕಡೆ ನೋಡಿದಳು. ನಾನು ನೀರಿನ ಲೋಟದ ಕಡೆ ನೋಡಿದೆ. ಅವಳು ಎದ್ದು ಕೈ ತೊಳೆದುಕೊಂಡು, ‘ಸಿಬ್ಬಂದಿಗೆ ಮಾತ್ರ’ ಎಂದು ಬರೆದ ಬಾಗಿಲನ್ನು ತಳ್ಳಿಕೊಂಡು ಒಳಗೆ ಹೋಗಿಯೇಬಿಟ್ಟಳು.

ಒಳಗೆ ನಡೆದದ್ದನ್ನು ಅವಳು ಹೇಳಿ ನನಗೆ ಗೊತ್ತು. ಅಡುಗೆಯವನು ಹಿಂದಿನ ದಿನವೇ ಕೈಕೊಟ್ಟಿದ್ದ. ಮಾಲೀಕರಾದ ತಾವೇ ಟೈ ಕಟ್ಟಿಕೊಂಡು, ಹೊಗೆಗೆ ಕಣ್ಣಲ್ಲಿ ನೀರು ಸುರಿಸುತ್ತಾ, ಸ್ಟೀಲಿನ ಸೌಟಿನಿಂದ ಹಿಟ್ಟಿನೊಡನೆ ಗುದ್ದಾಡುತ್ತಿದ್ದಿರಿ.

“ಬುಡಪ್ಪ ಇಲ್ಲಿ” ಎಂದು ಅವಳು ಸೌಟು ಕಿತ್ತುಕೊಂಡಳಂತೆ. “ಯಾರ್ ಕಲಿಸ್ದೋರು ನಿಂಗೆ ಇದ್ನ?”

ಆಗ ತಾವು ಹೇಳಿದ ಮಾತಿಗೆ ನನ್ನ ಮನಸ್ಸಿನಲ್ಲಿ ತಮ್ಮ ಬಗ್ಗೆ ಗೌರವ ಹುಟ್ಟಿತೆಂದು ದೂರಿನ ಪತ್ರದಲ್ಲೂ ಒಪ್ಪಿಕೊಳ್ಳುತ್ತೇನೆ. ಟಾಂಜಾನಿಯಾದ ದಾರ್ ಎಸ್ ಸಲಾಮ್ ಪಟ್ಟಣದ ಬಕೆಟ್ ಕಾರ್ಖಾನೆಯಲ್ಲಿ ಲೆಕ್ಕ ಬರೆಯುತ್ತಿದ್ದಾಗ, ಗೇಟಿನ ಹೊರಗೆ ಬೆಂಚು ಹಾಕಿಕೊಂಡಿದ್ದ ನೀಮಾ ಎಂಬ ತಾಯಿ ಹನ್ನೊಂದು ವರ್ಷ ತಮಗೆ ಉಗಾಲಿಯನ್ನೂ ಸೊಪ್ಪಿನ ಪಲ್ಯವನ್ನೂ ಬಡಿಸಿದರಂತೆ. ತಮಗೆ ಜ್ವರ ಬಂದಾಗ ಕೋಣೆಗೇ ತಂದು ಉಣ್ಣಿಸಿದರಂತೆ. ಊರಿಗೆ ಮರಳಿದ ಮೇಲೆ ಆ ರುಚಿ ಎಲ್ಲೂ ಸಿಗದೆ ಈ ಹೋಟೆಲು ತೆರೆದಿರಂತೆ. ಪಾಪಮ್ಮ ಎಸರನ್ನು ಮತ್ತೆ ಕುದಿಸಿ, ಒಲೆ ಮೂಲೆಯಲ್ಲಿದ್ದ ಒನಕೆಯಂಥ ಕೋಲಿನಿಂದ ತಿರುವಿ, ಕೈಗೆ ನೀರು ಹಚ್ಚಿಕೊಂಡು ಮುದ್ದೆ ಕಟ್ಟಿದಳು. ತಾವು ನಿಂತಲ್ಲೇ ಒಂದು ತುತ್ತು ತಿಂದು, ಇನ್ನೊಂದಕ್ಕೆ ಕೈ ಚಾಚಿದಿರಂತೆ.

ಆ ಮಧ್ಯಾಹ್ನ ಏಳು ಮೇಜಿನವರು ಹೊಟ್ಟೆ ತುಂಬ ಉಂಡರು. ಎಂಟನೆಯ ಮೇಜಿನಲ್ಲಿ ನಾನೊಬ್ಬನೇ, ಎದುರಿಗೆ ಖಾಲಿ ಕುರ್ಚಿ. ಮರುದಿನ ಬೆಳಿಗ್ಗೆ ತಾವು ಬಾಳೆಹಣ್ಣಿನ ಚಿಪ್ಪು ಹಿಡಿದುಕೊಂಡು ನಮ್ಮ ಮನೆಗೆ ಬಂದಿರಿ. ಗೋಡೆಯ ಮೇಲಿದ್ದ ಬುದ್ಧನ ಪಟವನ್ನೂ ಬಾಬಾಸಾಹೇಬರ ಪಟವನ್ನೂ ನೋಡಿದಿರಿ. ನಾವು ಕೊಟ್ಟ ಕಾಫಿಯನ್ನು ಕುಡಿದಿರಿ. “ಅಕ್ಕಾ, ಒಂದು ತಿಂಗಳು ಬನ್ನಿ ಸಾಕು” ಎಂದಿರಿ. ಅವಳು ಹೊರಟೇಬಿಟ್ಟಳು.

ಮೊದಲ ತಿಂಗಳಲ್ಲಿ ನನ್ನ ಮನೆಯಲ್ಲಿ ಸಂಭವಿಸಿದ ನಷ್ಟಗಳನ್ನು ಇಲ್ಲಿ ವಿವರಿಸುವುದಿಲ್ಲ. ಒಂದು ತಪ್ಪಲೆ ತಳಹಿಡಿದು ಈಗ ಗಿಡಕ್ಕೆ ನೀರು ಹಾಕಲು ಬಳಕೆಯಾಗುತ್ತಿದೆ ಎಂದಷ್ಟೇ ತಿಳಿಸುತ್ತೇನೆ. ಅತ್ತ ತಮ್ಮಲ್ಲಿ ವೈಭವವೇ ವೈಭವ. ಕಡಲೆಕಾಯಿ ಬೀಜದ ಸಾರಿಗೆ ಅವಳು ಹುರಿದ ಜೀರಿಗೆ ಹಾಕಿದಳು, ಆಫ್ರಿಕಾದ ಸೊಪ್ಪಿಗೆ ಹಿಸುಕಿದ ಅವರೆಕಾಳು ಸೇರಿಸಿದಳು. ಮೈಸೂರಿನಿಂದ ಕಾರುಗಳು ಬಂದು ಸಾಲುಗಟ್ಟಿದವು. ತಾವು ಕಾರ್ಡಿನಲ್ಲಿ ‘ದಾರ್ ಎಸ್ ಸಲಾಮ್‌ನ ಅನುಭವಿ ಬಾಣಸಿಗರ ಕೈರುಚಿ’ ಎಂದು ಅಚ್ಚು ಹಾಕಿಸಿದಿರಿ. ಪಾಪಮ್ಮನಿಗೆ ಹಿಂದಿನ ಬಾಗಿಲಿನಿಂದ ಬಂದು ಹೋಗಲು ಹೇಳಿದಿರಿ.

“ಜನ ಆಫ್ರಿಕಾ ಅಂತ ಬರ್ತಾರಕ್ಕ. ಹೆಮ್ಮಿಗೆಯವರ ಅಡುಗೆ ಅಂದ್ರೆ ಯಾರ್ ಬರ್ತಾರೆ?” ಎಂದಿರಂತೆ. ಟಿ. ನರಸೀಪುರ ತಾಲ್ಲೂಕಿನ ಹೆಮ್ಮಿಗೆ ಅವಳ ಊರು. ವ್ಯಾಪಾರದ ದೃಷ್ಟಿಯಿಂದ ಒಪ್ಪತಕ್ಕ ಮಾತು. ಆದರೆ ಅದನ್ನು ಹೇಳುವಾಗ ತಮ್ಮ ಕಣ್ಣು ಅಡುಗೆಮನೆಯ ಕಿಟಕಿಯಾಚೆ ಮೂರನೆಯ ಮೇಜಿನ ಮೇಲಿತ್ತು ಎಂದು ಅವಳು ಹೇಳಿದಳು. ಆ ಮೇಜಿನಲ್ಲಿ ಶಂಭುಲಿಂಗಪ್ಪನವರು ಕೂತಿದ್ದರು.

ಶಂಭುಲಿಂಗಪ್ಪನವರನ್ನು ಅರಿಯದವರು ಊರಿನಲ್ಲಿಲ್ಲ. ಅಕ್ಕಿ ಮಂಡಿಯ ಯಜಮಾನರು, ತಮ್ಮ ಸೋದರಮಾವನ ವಾರಿಗೆಯವರು, ಕಂಡಕಂಡಲ್ಲಿ ನೀರು ಕೂಡ ಮುಟ್ಟದವರು. ಅಂಥವರು ಆರು ವಾರ ಬಿಡದೆ ತಮ್ಮಲ್ಲಿ ಬಂದು ದಿನಕ್ಕೆ ಎರಡು ಉಗಾಲಿ ಉಂಡರು. ಆಗಸ್ಟ್ ಹನ್ನೆರಡರ ಭಾನುವಾರ ಶಾಲು ತಂದು, ವಿದೇಶದ ಬಾಣಸಿಗರನ್ನು ಕರೆಸಿರಿ, ಸನ್ಮಾನ ಮಾಡಬೇಕು ಎಂದರು. ಅಂದು ಪಾಪಮ್ಮನನ್ನು ಕರೆದೊಯ್ಯಲು ಬಂದ ನಾನು ಬಾಗಿಲ ಬಳಿಯೇ ನಿಂತಿದ್ದೆ.

“ಅವರಿಗೆ ಕನ್ನಡ ಬರಲ್ಲ ಸಾರ್, ಸಂಕೋಚ ಜಾಸ್ತಿ” ಎಂದು ತಾವು ಕೈ ಹೊಸೆದಿರಿ.

“ಶಾಲು ಹೊದಿಸೋಕೆ ಭಾಷೆ ಯಾಕ್ರೀ ಬೇಕು?” ಎಂದರು ಅವರು.

ಅಷ್ಟರಲ್ಲಿ ‘ಸಿಬ್ಬಂದಿಗೆ ಮಾತ್ರ’ ಬಾಗಿಲು ಈ ಕಡೆಗೆ ತೆರೆಯಿತು. ಪಾಪಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದು ಮೂರನೆಯ ಮೇಜಿನ ಮುಂದೆ ನಿಂತಳು. “ನಾನೇ ಕಣ್ಸಾ ಮಾಡೋದು” ಎಂದಳು.

“ನೀವಾ? ಯಾವೂರಮ್ಮ?”

“ಎಮ್ಮಿಗೆ.”

“ಹೆಮ್ಮಿಗೇಲಿ ಯಾವ ಬೀದಿ?”

ಅವಳು ಬೀದಿಯ ಹೆಸರು ಹೇಳಿದಳು. ಅದನ್ನು ಇಲ್ಲಿ ಬರೆಯಬೇಕಾಗಿಲ್ಲ. ನಮ್ಮ ಸೀಮೆಯಲ್ಲಿ ಬೀದಿ ಕೇಳುವವರು ಯಾಕೆ ಕೇಳುತ್ತಾರೆಂದು ಕೇಳಿಸಿಕೊಂಡವರಿಗೆಲ್ಲ ಗೊತ್ತು. ಹನ್ನೆರಡು ಮೇಜಿನಲ್ಲೂ ಕೈಗಳು ತಟ್ಟೆಯಲ್ಲೇ ನಿಂತವು. ಶಾಲು ಶಂಭುಲಿಂಗಪ್ಪನವರ ಎರಡು ಕೈಗಳ ನಡುವೆ ಹಾಗೇ ಇತ್ತು. ಮಾನ್ಯರೇ, ಆಗ ನಾನು ತಮ್ಮ ಮುಖ ನೋಡಿದೆ. ಗೇಟಿನ ಹೊರಗಿನ ಬೆಂಚಿನ ಮೇಲೆ ಹನ್ನೊಂದು ವರ್ಷ ಉಂಡವರು ಈಗೊಂದು ಮಾತು ಆಡುತ್ತಾರೆಂದು ಕಾದೆ. ತಾವು ಜಿರಾಫೆಗಿಂತ ಗಂಭೀರವಾಗಿ ನಿಂತಿದ್ದಿರಿ.

ಪಾಪಮ್ಮ ಯಾರಿಗೂ ಕಾಯಲಿಲ್ಲ. “ಅಡುಗೆಯೋರ್ಗೆ ಅಂತ ತಾನೆ ತಂದಿರಾದು, ಕೊಡಿ ಸಾ” ಎಂದು ಎರಡು ಕೈ ಚಾಚಿದಳು.

ಅವರು ಕೊಟ್ಟರು. ಕೊಟ್ಟು ಕೂತು ತಟ್ಟೆ ನೋಡಿದರು. ಅರ್ಧ ಮುದ್ದೆ ಉಳಿದಿತ್ತು. ಒಂದೆರಡು ನಿಮಿಷ ಅದನ್ನೇ ದಿಟ್ಟಿಸಿ, ಆಮೇಲೆ ತಲೆ ಬಗ್ಗಿಸಿ, ತುಸು ಬೇಗ ಬೇಗನೆ, ಪೂರ್ತಿ ಉಂಡರು. ಮರುದಿನದಿಂದ ಅವರು ಹೋಟೆಲಿಗೆ ಬರುವುದನ್ನು ನಿಲ್ಲಿಸಿದರು. ಅವರ ಮಂಡಿಯ ಗುಮಾಸ್ತ ಮಾತ್ರ ಹನ್ನೆರಡೂವರೆಗೆ ಸರಿಯಾಗಿ ಬಂದು ಎರಡು ಉಗಾಲಿಯ ಪಾರ್ಸಲನ್ನು ಅಕ್ಕಿ ಸ್ಯಾಂಪಲ್ಲಿನ ಚೀಲದಲ್ಲಿ ಮುಚ್ಚಿಟ್ಟು ಒಯ್ಯತೊಡಗಿದ. ಮಡಿಯನ್ನು ಹೀಗೂ ಕಾಪಾಡಬಹುದೆಂದು ತೋರಿಸಿಕೊಟ್ಟ ಹಿರಿಯರಿಗೆ ನನ್ನ ನಮಸ್ಕಾರಗಳು.

ಇಷ್ಟಾದ ಮೇಲೂ, ಆಗಸ್ಟ್ ಇಪ್ಪತ್ತೇಳರಂದು ತಾವು ಮೈಸೂರಿನಿಂದ ಹೊಸ ಕಾರ್ಡು ಅಚ್ಚು ಹಾಕಿಸಿ ತಂದಿರಿ. ಅದರಲ್ಲೂ ದಾರ್ ಎಸ್ ಸಲಾಮ್‌ನ ಬಾಣಸಿಗರೇ ಇದ್ದರು. ಪಾಪಮ್ಮ ಕಾರ್ಡನ್ನು ಎರಡು ಸಲ ಓದಿ, ಕೋಲನ್ನು ಗೋಡೆಗೆ ಒರಗಿಸಿದಳು.

“ಮೊದ್ಲು ಎಸ್ರು ಆಕಿ ಸಾ. ಆಮೇಲೆ ನಾನು ಇಟ್ಟು ಆಕ್ತೀನಿ” ಎಂದಳು.

“ಎಸರು ಆಗಲೇ ಕುದೀತಾ ಇದೆಯಲ್ಲಕ್ಕ” ಎಂದು ತಾವು ಒಲೆ ತೋರಿಸಿದಿರಿ.

ನಮ್ಮ ಬಾಯಿಯಲ್ಲಿ ಮುದ್ದೆಗೆ ಇಡುವ ಎಸರೂ ಎಸ್ರೇ, ಮನುಷ್ಯರ ಹೆಸರೂ ಎಸ್ರೇ. ಸ್ವಾಹಿಲಿ ಕಲಿತ ತಮಗೆ ಇದು ಗೊತ್ತಾಗಲಿಲ್ಲವೆಂದರೆ ನಂಬುವುದು ಕಷ್ಟ. ಆದರೂ ಗಿರಾಕಿಯ ಸೌಜನ್ಯದಿಂದ ನಂಬುತ್ತೇನೆ. ಅವಳು ಮನೆಗೆ ಬಂದಳು. ಆ ದಿನ ಅವಳು ಸೀರೆಯನ್ನೂ ಬದಲಾಯಿಸದೆ ಹಿತ್ತಲ ಕಲ್ಲಿನ ಮೇಲೆ ಬಹಳ ಹೊತ್ತು ಕೂತಿದ್ದಳು. “ಆಸ್ಟೆಲ್ ಮಕ್ಳು ಪಾಪಮ್ಮ ಅಂತ ಎಸ್ರಿಡ್ದು ಕೂಗ್ತಿದ್ವು” ಎಂದಳು.

ಅಂದಿನಿಂದ ಎರಡು ವಾರ ಕಳೆದಿದೆ. ತಮ್ಮ ಉಗಾಲಿಯಲ್ಲಿ ಗಂಟುಗಳು ಮರಳಿ ಬಂದಿವೆ ಎಂದೂ, ಗುಮಾಸ್ತ ಮೂರು ದಿನದಿಂದ ಚೀಲ ಹಿಡಿದು ಬಂದಿಲ್ಲವೆಂದೂ ಗೋವಿಂದಯ್ಯನವರು ನಮ್ಮ ಮನೆಗೆ ಬಂದು ವರದಿ ಮಾಡಿದ್ದಾರೆ. ಆದ್ದರಿಂದ ಕೆಳಗಿನಂತೆ ಪ್ರಾರ್ಥಿಸುತ್ತೇನೆ. ಕಾರ್ಡಿನಲ್ಲಿ ಅಡುಗೆ ಮಾಡಿದವಳ ಹೆಸರು, ಊರು ಅಚ್ಚಾಗಲಿ. ಅದು ಕಷ್ಟವೆನಿಸಿದರೆ ತಾವು ಹೆಮ್ಮಿಗೆ ಗ್ರಾಮವನ್ನೇ ಬುಡಸಮೇತ ಎತ್ತಿಸಿ ದಾರ್ ಎಸ್ ಸಲಾಮಿನ ಸಮುದ್ರ ದಂಡೆಯಲ್ಲಿ ಇರಿಸಬಹುದು. ಗ್ರಾಮಸ್ಥರ ಒಪ್ಪಿಗೆಯನ್ನು ನಾನು ಪಡೆದುಕೊಡುತ್ತೇನೆ. ಅದೂ ಆಗದಿದ್ದರೆ, ಜೂನ್ ಮೊದಲ ಭಾನುವಾರ ಮಧ್ಯಾಹ್ನ ಒಂದು ಹತ್ತನ್ನು ನಮಗೆ ಹಿಂತಿರುಗಿಸಿ, ಪಾಪಮ್ಮನನ್ನು ಕುರ್ಚಿಯಲ್ಲಿ ಕೂರಿಸಿ, ತಾವೇ ಕೈಯಾರೆ ಬಡಿಸಿ. ಗಂಟಿದ್ದರೂ ಉಣ್ಣುತ್ತೇವೆ.

ತಮ್ಮ ವಿಶ್ವಾಸಿ, ತಮ್ಮ ಬಾಣಸಿಗರ ಗಂಡ, ಎಂಟನೆಯ ಮೇಜಿನ ಗಿರಾಕಿ,
ಮಂಟೇಸ್ವಾಮಿ

ತಾಜಾ ಕಲಂ: ಪತ್ರ ಮುಗಿಸಿ ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ತಾವೇ ಬಂದು, ತಲೆ ಎತ್ತದೆ, ಹೊಸ ಕಾರ್ಡಿನ ಕರಡನ್ನು ಜಗಲಿಯ ಮೇಲಿಟ್ಟು ಹೋದಿರಿ. ಇಬ್ಬರೂ ನೋಡಿದೆವು. ‘ಅಡುಗೆ: ಪಾಪಮ್ಮ, ಹೆಮ್ಮಿಗೆ, ಟಿ.’ ಎಂದಿದೆ. ಟಿ. ಎಂದು ಅಲ್ಲಿಗೇ ನಿಲ್ಲಿಸಿದ್ದೀರಿ. ಓದುವವರು ಅದನ್ನು ಟಾಂಜಾನಿಯಾ ಎಂದುಕೊಂಡರೆ ತಮ್ಮ ತಪ್ಪೇನೂ ಇರುವುದಿಲ್ಲ ಎಂಬ ಮುಂದಾಲೋಚನೆಗೆ ನಾನು ಬೆರಗಾದೆ. ಪಾಪಮ್ಮ ಎರಡು ವಾರದಲ್ಲಿ ಮೊದಲ ಸಲ ನಕ್ಕಳು. ನನ್ನ ಪೆನ್ನು ಇಸಿದುಕೊಂಡು ಮುಂದೆ ‘ನರಸೀಪುರ’ ಎಂದು ದಪ್ಪಕ್ಷರದಲ್ಲಿ ಬರೆದಳು. ಜಾಗ ಸಾಲದೆ ಬಂದದ್ದರಿಂದ ಅಂಚಿನಲ್ಲಿದ್ದ ಎರಡು ಜೀಬ್ರಾಗಳನ್ನು ಹೊಡೆದುಹಾಕಿದ್ದಾಳೆ. ಹೀಗೆಯೇ ಅಚ್ಚಾದರೆ ಸೋಮವಾರ ಬರುತ್ತಾಳಂತೆ, ಮುಂದಿನ ಬಾಗಿಲಿನಿಂದ.